ದಾಖಲೆ ಬಲ್ಲ ಡಾಕ್ಟರು, ನಮ್ಮನ್ನು ಬಲ್ಲ ಡಾಕ್ಟರು

ಮನೆಯಲ್ಲಿ ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ, ಅತ್ತೆಯವರ ಬಿ.ಪಿ. ಮಾತ್ರೆ ಬೆಳಗಿನದೋ ರಾತ್ರಿಯದೋ, ಮಗುವಿಗೆ ಯಾವ ಚುಚ್ಚುಮದ್ದು ಬಾಕಿಯಿದೆ ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುವುದು ಹೆಚ್ಚಾಗಿ ಹೆಂಗಸರ ಪಾಲಿಗೆ ಬಂದ ಕೆಲಸ. ಬೀರುವಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಚೀಟಿಗಳು, ಎಕ್ಸ್‌ರೇ, ರಕ್ತಪರೀಕ್ಷೆಯ ಕಾಗದಗಳು. ಈ ಚೀಲದ ಜಾಗದಲ್ಲಿ ಇಡೀ ದೇಶಕ್ಕೆ ಒಂದು ಕಂಪ್ಯೂಟರ್ ದಾಖಲೆ ಬಂದುಬಿಟ್ಟರೆ ನಮಗೆ ಸಿಗುವ ಚಿಕಿತ್ಸೆ ಸುಧಾರಿಸುತ್ತದೆಯೇ? ಇಂಗ್ಲೆಂಡಿನವರು ಇದನ್ನು ನಮಗಿಂತ ಮೊದಲೇ ಮಾಡಿನೋಡಿದರು. ಅಷ್ಟೇ ಅಲ್ಲ, ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ಅಳೆಯಲು ಹೊರಗಿನವರನ್ನು ನೇಮಿಸಿದರು. ಸ್ವತಃ ಜಿ.ಪಿ. ಆಗಿದ್ದ ಪ್ರೊಫೆಸರ್ ಟ್ರಿಷಾ ಗ್ರೀನ್‌ಹಾಲ್ಜ್ ಮತ್ತು ಸಂಗಡಿಗರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಿಂದ 2010ರಲ್ಲಿ ಹೊರತಂದ ಆ ವರದಿಯ ಹೆಸರು ‘ದಿ ಡೆವಿಲ್ಸ್ ಇನ್ ದ ಡೀಟೇಲ್’. ಸಣ್ಣ ಸಣ್ಣ ವಿವರಗಳಲ್ಲೇ ದೆವ್ವ ಅಡಗಿ ಕೂತಿದೆ ಎಂದು ಅರ್ಥ. ನಾವೂ ಓದಬೇಕಾದ ವರದಿ ಅದು.

ಅಲ್ಲಿನ ಪದ್ಧತಿಯನ್ನು ತುಸು ತಿಳಿದುಕೊಳ್ಳೋಣ. ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಯಾವುದಾದರೊಂದು ಜಿ.ಪಿ. ಚಿಕಿತ್ಸಾಲಯದಲ್ಲಿ ಹೆಸರು ಬರೆಸಿರುತ್ತಾರೆ. ನಾವು ಫ್ಯಾಮಿಲಿ ಡಾಕ್ಟರು ಅನ್ನುತ್ತೇವಲ್ಲ, ಅವರೇ ಜಿ.ಪಿ. ಅವರ ಕೋಣೆಗೆ ಕಂಪ್ಯೂಟರ್ ಬಂದು ಬಹಳ ಕಾಲವಾಗಿತ್ತು. ತೊಂದರೆ ಇದ್ದದ್ದು ಆ ಕೋಣೆಯ ಹೊರಗೆ. ರಾತ್ರಿಯೋ ಭಾನುವಾರವೋ ಕಾಯಿಲೆ ಬಿದ್ದರೆ ನೋಡುವವರು ಪಾಳಿಯ ಮೇಲಿರುವ ಬೇರೆ ಡಾಕ್ಟರು. ಅವರಿಗೆ ರೋಗಿಯ ಪೂರ್ವಾಪರ ಗೊತ್ತಿಲ್ಲ. ಇದಕ್ಕೆಂದು ‘ಸಮರಿ ಕೇರ್ ರೆಕಾರ್ಡ್’ ಎಂಬ ಚುಟುಕು ದಾಖಲೆ ಬಂತು. ತೆಗೆದುಕೊಳ್ಳುತ್ತಿರುವ ಔಷಧಿ, ಅಲರ್ಜಿ, ಹಿಂದೆ ಆದ ಅಡ್ಡಪರಿಣಾಮ, ಮೊದಲಿಗೆ ಅದರಲ್ಲಿ ಇದ್ದದ್ದು ಮುಖ್ಯವಾಗಿ ಇಷ್ಟು. 2007ರಲ್ಲಿ ಬೋಲ್ಟನ್ ಪಟ್ಟಣದಿಂದ ಅದು ಶುರುವಾಯಿತು.

ವರದಿ ಬರೆದವರು ಮೇಜಿನ ಮುಂದೆ ಕೂತು ಬರೆದವರಲ್ಲ. 4,16,325 ಭೇಟಿಗಳ ಲೆಕ್ಕ ನೋಡಿದರು, 140 ಸಂದರ್ಶನ ಮಾಡಿದರು, ಸುಮಾರು 2,000 ಗಂಟೆ ಜನ ಕೆಲಸ ಮಾಡುವ ಜಾಗದಲ್ಲೇ ಇದ್ದು ಗಮನಿಸಿದರು. 2010ರ ಆರಂಭದ ಹೊತ್ತಿಗೆ 15 ಲಕ್ಷ ದಾಖಲೆಗಳು ತಯಾರಾಗಿದ್ದವು. ಅವನ್ನು ತೆರೆದು ನೋಡಿದವರೆಷ್ಟು? ಯೋಜನೆಗೆ ಸೇರಿದ್ದ ಹೊತ್ತಲ್ಲದ ಹೊತ್ತಿನ ಚಿಕಿತ್ಸಾಕೇಂದ್ರಗಳಲ್ಲಿ ಒಟ್ಟು ಭೇಟಿಗಳ ಪೈಕಿ ಶೇಕಡಾ 4ರಲ್ಲಿ ಮಾತ್ರ. ದಾಖಲೆ ಲಭ್ಯವಿದ್ದ ರೋಗಿಗಳನ್ನಷ್ಟೇ ಲೆಕ್ಕ ಹಿಡಿದರೂ ಶೇಕಡಾ 21. ಒಬ್ಬ ಡಾಕ್ಟರು ಒಮ್ಮೆಯೂ ತೆರೆಯಲಿಲ್ಲ, ಇನ್ನೊಬ್ಬರು ನೂರಕ್ಕೆ 84 ಸಲ ತೆರೆದರು! ದಾಖಲೆ ಮಾಡಿಡುವುದು ಬೇರೆ, ಅದು ಕೆಲಸಕ್ಕೆ ಬರುವುದು ಬೇರೆ.

ತೆರೆದಾಗ ಆದದ್ದೇನು? ರೋಗಿಯನ್ನು ನೋಡುವ ಸಮಯವೇನೂ ಉಳಿಯಲಿಲ್ಲ. ದೊಡ್ಡಾಸ್ಪತ್ರೆಗೆ ಕಳಿಸುವುದೂ ಕಡಿಮೆಯಾದಂತೆ ಕಾಣಲಿಲ್ಲ. ರೋಗಿಯ ಸುರಕ್ಷತೆ ಹೆಚ್ಚಿತೆಂಬುದಕ್ಕೆ ನೇರವಾದ ಸಾಕ್ಷ್ಯ ಸಿಗಲಿಲ್ಲ. ಆದರೆ ಅಪರೂಪಕ್ಕೊಮ್ಮೆ ಔಷಧಿಯ ದೊಡ್ಡ ತಪ್ಪನ್ನು ಅದು ತಪ್ಪಿಸುತ್ತಿದ್ದಿರಬೇಕು ಎಂಬ ಸೂಚನೆ ಇತ್ತು. ಕೆಲವು ಡಾಕ್ಟರುಗಳಿಗೆ ಕೆಲವು ಸಲ ಧೈರ್ಯ ಬಂತು. ಅಲ್ಲಲ್ಲಿ ಮಾಹಿತಿ ಅರೆಬರೆಯಾಗಿತ್ತು, ತಪ್ಪೂ ಇತ್ತು. ಡಾಕ್ಟರುಗಳು ಅದನ್ನೊಂದನ್ನೇ ನಂಬದೆ ಬೇರೆ ಮೂಲಗಳ ಜೊತೆ ತೂಗಿನೋಡಿದರು.

ಇಷ್ಟು ಓದಿದವರು ‘ಹಾಗಾದರೆ ಹಣವೆಲ್ಲ ನೀರಿನಲ್ಲಿ ಹೋಮ’ ಎನ್ನಬಹುದು. ನಾನು ಒಪ್ಪುವುದಿಲ್ಲ. ಆ ದಾಖಲೆ ಹೆಚ್ಚು ಉಪಯೋಗಕ್ಕೆ ಬಂದದ್ದು ತಮ್ಮ ಮಾತನ್ನು ತಾವೇ ಆಡಲಾರದವರ ವಿಷಯದಲ್ಲಿ. ಮರೆವು ಹಿಡಿದ ಮುದುಕಿ, ಪ್ರಜ್ಞೆ ತಪ್ಪಿದವರು, ಆ ನಾಡಿನ ಭಾಷೆ ಬಾರದ ಸೊಸೆ ಇಂಥವರನ್ನು ನೆನೆಸಿಕೊಳ್ಳಿ. ನಾಲ್ಕು ಮಾತು ಬಲ್ಲವರು ತಮ್ಮ ಅಲರ್ಜಿಯನ್ನು ಬಾಯಲ್ಲೇ ಹೇಳಿಯಾರು. ಬಾಯಿಲ್ಲದವರಿಗೆ ಈ ಚುಟುಕು ದಾಖಲೆಯೇ ಬಾಯಿ. ಅಂಥ ಯೋಜನೆಯನ್ನು ಸರಾಸರಿಯಲ್ಲಿ ಅಳೆಯುವುದು ಸರಿಯಲ್ಲ. ಬೆಂಕಿ ಆರಿಸುವ ಬಂಡಿ ವರ್ಷದಲ್ಲಿ ಎಷ್ಟು ದಿನ ಓಡಿತು ಎಂದು ಯಾರೂ ಅದರ ಬೆಲೆ ಕಟ್ಟುವುದಿಲ್ಲ.

ಗುಟ್ಟಿನ ಪ್ರಶ್ನೆ ಹೆಂಗಸರಿಗೆ ಇನ್ನೂ ಹತ್ತಿರದ್ದು. ಗರ್ಭಪಾತ, ಮನಸ್ಸಿನ ಕಾಯಿಲೆ, ಲೈಂಗಿಕ ರೋಗ ಇವು ಕಂಪ್ಯೂಟರಿಗೆ ಹೋದರೆ ಯಾರು ಯಾರು ಓದುತ್ತಾರೋ ಎಂಬ ಭಯ ಸುಳ್ಳಲ್ಲ. ಇದೇ ತಂಡ 2008ರಲ್ಲಿ ರೋಗಿಗಳನ್ನು ಮಾತಾಡಿಸಿದಾಗ ಎರಡು ಸಂಗತಿ ಹೊರಬಂದವು. ತಮ್ಮ ಹೆಸರಿನಲ್ಲಿ ಇಂಥ ದಾಖಲೆ ಆಗುತ್ತಿದೆಯೆಂದು ಬಹಳ ಮಂದಿಗೆ ತಿಳಿದೇ ಇರಲಿಲ್ಲ. ‘ಬೇಡ’ ಎನ್ನದಿದ್ದರೆ ಒಪ್ಪಿದಂತೆ ಎಂಬ ನಿಯಮ ಆಗ ನಡೆಯುತ್ತಿತ್ತು. ಇನ್ನೊಂದು ಸಂಗತಿ ನನಗೆ ಹೆಚ್ಚು ಯೋಚನೆ ಹಚ್ಚಿತು. ಸಮಾಜ ಕಳಂಕವೆಂದು ಕಾಣುವ ಕಾಯಿಲೆ ಇದ್ದವರು ಒಟ್ಟಿನಲ್ಲಿ ದಾಖಲೆಯ ಪರವಾಗಿಯೇ ಇದ್ದರು. ಹೆಚ್ಚು ಅನುಮಾನಪಟ್ಟವರು ಅವರ ಪರವಾಗಿ ಮಾತನಾಡುತ್ತೇವೆ ಎಂದವರು. ನಮ್ಮ ವಿಷಯದಲ್ಲಿ ನಮ್ಮನ್ನೇ ಕೇಳಿ ಎಂದು ಹೆಂಗಸರು ಹೇಳುತ್ತ ಬಂದಿರುವುದೂ ಇದನ್ನೇ. ವರದಿಯ ಸಲಹೆಯ ಮೇರೆಗೆ, ದಾಖಲೆ ತೆರೆಯುವ ಮುನ್ನ ರೋಗಿಯ ಅನುಮತಿ ಕೇಳುವ ಪದ್ಧತಿ ಬಂತು.

ರೋಗಿಗಳೇ ತಮ್ಮ ದಾಖಲೆ ನೋಡಿಕೊಳ್ಳಲೆಂದು ‘ಹೆಲ್ತ್‌ಸ್ಪೇಸ್’ ಎಂಬ ಇನ್ನೊಂದು ಏರ್ಪಾಡು ಮಾಡಿದರು. ಅದರ ಪೂರ್ಣ ಖಾತೆಯನ್ನು 2010ರ ಅಕ್ಟೋಬರ್ ವೇಳೆಗೆ ತೆರೆದವರು 2,913 ಮಂದಿ. ಕರೆದವರಲ್ಲಿ ಇದು ಶೇಕಡಾ 0.13. ನಿರೀಕ್ಷೆ ಇದ್ದದ್ದು ಶೇಕಡಾ 5ರಿಂದ 10. 2012ರಲ್ಲಿ ಅದನ್ನು ಮುಚ್ಚಿದರು. ಇದೆಲ್ಲಕ್ಕೂ ತಾಯಿಬೇರಿನಂತಿದ್ದ, 2002ರಲ್ಲಿ ಹುಟ್ಟಿದ ಮಹಾಯೋಜನೆಯನ್ನು ಕಳಚಿಹಾಕುವುದಾಗಿ 2011ರಲ್ಲೇ ಸರಕಾರ ಸಾರಿತ್ತು. ಉಳಿದದ್ದು ಆ ಚುಟುಕು ದಾಖಲೆ. ಮಹಾಮರ ಬಿದ್ದು ಸಣ್ಣ ಗಿಡ ಬದುಕಿಕೊಂಡಿತು. ದೊಡ್ಡ ವ್ಯವಸ್ಥೆಗಿಂತ ಚಿಕ್ಕದು ಕೆಲವೊಮ್ಮೆ ಹೆಚ್ಚು ಫಲಕಾರಿ ಎಂದು ಗ್ರೀನ್‌ಹಾಲ್ಜ್ ತಂಡ 2009ರ ಒಂದು ವಿಮರ್ಶೆಯಲ್ಲಿ ಹೇಳಿತ್ತು. ಕಂಪ್ಯೂಟರ್ ದಾಖಲೆಯಿಂದ ಲೆಕ್ಕಪರಿಶೋಧನೆ, ಬಿಲ್ಲು, ಸಂಶೋಧನೆಗಳ ಕೆಲಸ ಹಗುರಾಗಬಹುದು, ರೋಗಿಯನ್ನು ನೋಡುವ ಕೆಲಸ ಮಾತ್ರ ಇನ್ನೂ ತೊಡಕಾದೀತು ಎಂದೂ ಅಲ್ಲಿ ಬರೆದಿದ್ದರು.

ದಾಖಲೆ ಕೊಡಲಾರದ್ದು ಒಂದಿದೆ: ಪರಿಚಯ. ಒಬ್ಬರೇ ಡಾಕ್ಟರನ್ನು ಬಹುಕಾಲ ಕಾಣುವುದರಿಂದ ಏನಾಗುತ್ತದೆಂದು 22 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಮರ್ಶೆಯೊಂದು 2018ರಲ್ಲಿ ಇಂಗ್ಲೆಂಡಿನಿಂದ ಬಂತು. ಅವುಗಳಲ್ಲಿ 18ರಲ್ಲಿ, ಹಾಗೆ ಕಂಡವರಲ್ಲಿ ಸಾವು ಕಡಿಮೆ ಎಂದು ತಿಳಿಯಿತು. ಅದೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ, ನಿಜ. ಆದರೂ ಹೆಂಗಸೊಬ್ಬಳು ‘ಸುಸ್ತು’ ಎಂದಾಗ ಅದು ರಕ್ತಹೀನತೆಯೋ, ಮನೆಯೊಳಗಿನ ಹೊಡೆತವೋ ಎಂದು ಅವಳ ಮುಖ ನೋಡಿ ಊಹಿಸುವುದು ಅವಳನ್ನು ಬಲ್ಲವರಿಗೆ ಸಾಧ್ಯ. ಔಷಧಿ ಮತ್ತು ಅಲರ್ಜಿಯ ಪಟ್ಟಿಯಲ್ಲಿ ಆ ಹೊಡೆತಕ್ಕೆ ಜಾಗವಿಲ್ಲ.

ನಮ್ಮಲ್ಲಿಯೂ 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಶುರುವಾಗಿ, ‘ಆಭಾ’ ಎಂಬ 14 ಅಂಕಿಯ ಸಂಖ್ಯೆ ಬಂದಿದೆ. ಅದು ಕಡ್ಡಾಯವಲ್ಲ, ದಾಖಲೆ ಹಂಚಿಕೊಳ್ಳಲು ನಮ್ಮ ಒಪ್ಪಿಗೆ ಬೇಕು. ಇಂಗ್ಲೆಂಡಿನಲ್ಲಿ ಚುಟುಕು ದಾಖಲೆಗೆ ಒಡಲು ಸಿಕ್ಕಿದ್ದು ಜಿ.ಪಿ.ಯ ಕಂಪ್ಯೂಟರಿನಿಂದ. ನಮ್ಮಲ್ಲಿ ಹಾಗೆ ಹೆಸರು ಬರೆಸಿಟ್ಟ ಡಾಕ್ಟರೇ ಇಲ್ಲ. ಇಂದು ಈ ಕ್ಲಿನಿಕ್ಕು, ನಾಳೆ ಆ ನರ್ಸಿಂಗ್ ಹೋಮು, ನಡುವೆ ಮೆಡಿಕಲ್ ಶಾಪಿನವರು ಕೊಟ್ಟ ಎರಡು ಮಾತ್ರೆ. ಬೀದಿಯ ಡಾಕ್ಟರು ಬರೆದಿಡದಿದ್ದರೆ 14 ಅಂಕಿಯ ಹಿಂದೆ ಏನಿದ್ದೀತು?

ಆದ್ದರಿಂದ ಎಷ್ಟು ಕೋಟಿ ಸಂಖ್ಯೆ ಕೊಟ್ಟೆವು ಎಂಬ ಲೆಕ್ಕಕ್ಕೆ ಚಪ್ಪಾಳೆ ತಟ್ಟುವ ಮೊದಲು ಆ ವರದಿ ಕೇಳಿದ ಪ್ರಶ್ನೆಗಳನ್ನು ನಾವೂ ಕೇಳಬೇಕು. ತೆರೆದು ನೋಡಿದವರು ಯಾರು? ಯಾವ ಹೊತ್ತಿನಲ್ಲಿ? ಅದರಿಂದ ಯಾರ ಚಿಕಿತ್ಸೆ ಬದಲಾಯಿತು? ಉತ್ತರ ಸಿಗುವವರೆಗೆ ಆ ಪ್ಲಾಸ್ಟಿಕ್ ಚೀಲವನ್ನು ಎಸೆಯುವುದು ಬೇಡ. ಅದರಲ್ಲೇನಿದೆಯೆಂದು ಮನೆಯ ಗಂಡಸರೂ ಒಮ್ಮೆ ತೆರೆದು ನೋಡಿಕೊಂಡರೆ ಇನ್ನೂ ಒಳ್ಳೆಯದು.