ಗೇಣಿನ ಲೆಕ್ಕದ ನೆಲ: ಗಜನಿ ಬಯಲಿನ ಸೈಕಲ್ ರಸಿಕರಿಗೊಂದು ಕೈಪಿಡಿ

ಉತ್ತರ ಕನ್ನಡಕ್ಕೆ ಹೋದವರು ಜಲಪಾತಕ್ಕೆ ತಲೆಯೆತ್ತುತ್ತಾರೆ, ಇಲ್ಲವೇ ಗೋಕರ್ಣದ ಕಡಲತಡಿಯಲ್ಲಿ ಅಡ್ಡಾಡಿ ಬರುತ್ತಾರೆ. ಇವೆರಡರ ನಡುವೆ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ಕುಮಟಾದಿಂದ ಗೋಕರ್ಣದವರೆಗೆ ಹರಡಿಕೊಂಡಿರುವ ಗಜನಿ ಬಯಲು ಹೆಚ್ಚಿನವರ ಪಟ್ಟಿಯಲ್ಲೇ ಇಲ್ಲ. ಕಾರಿನ ಕಿಟಕಿಯಿಂದ ನೋಡಿದರೆ ಅಲ್ಲಿ ಕಾಣುವುದು ಇಷ್ಟೇ: ಒಂದಿಷ್ಟು ಗದ್ದೆ, ಒಂದಿಷ್ಟು ನೀರು, ದೂರದಲ್ಲಿ ತೆಂಗಿನ ಸಾಲು. ಎಲ್ಲ ಒಂದೇ ಮಟ್ಟ, ಎಲ್ಲ ಒಂದೇ ತರಹ.

ಆ ಬಯಲು ಒಂದೇ ಮಟ್ಟದಲ್ಲಿಲ್ಲ. ಅದನ್ನು ಸವಿಯಲು ಕಲಿಯಬೇಕಾದ್ದೂ ಇದೊಂದೇ. ಗಜನಿಯೆಂದರೆ ಉಬ್ಬರದ ಉಪ್ಪುನೀರು ಏರಿಬರುವ ಮಟ್ಟದಲ್ಲಿ ಒಡ್ಡು ಕಟ್ಟಿ ಗದ್ದೆ ಮಾಡಿಕೊಂಡ ಭೂಮಿ. ಇಲ್ಲಿ ನೆಲ ಒಂದು ಗೇಣು ತಗ್ಗಿದರೆ ಭತ್ತ ಹೋಗಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬರುತ್ತದೆ, ಎರಡು ಮೊಳ ಏರಿದರೆ ಮನೆ ಏಳುತ್ತದೆ. ಯಾರು ಏನು ಬೆಳೆಯುತ್ತಾರೆ, ಯಾರು ಎಲ್ಲಿ ಇರುತ್ತಾರೆ, ಯಾವ ತಿಂಗಳಲ್ಲಿ ಯಾವ ಕೆಲಸ ಎಂಬುದೆಲ್ಲ ಈ ಸಣ್ಣ ಏರಿಳಿತಗಳ ಮೇಲೆ ನಿಂತಿದೆ. ಇದನ್ನು ಕಣ್ಣಿಗಿಂತ ಮೊದಲು ಕಾಲು ಕಂಡುಹಿಡಿಯುತ್ತದೆ. ಪೆಡಲ್ ತುಸು ಭಾರವಾದರೆ ನೀವು ಒಡ್ಡು ಹತ್ತುತ್ತಿದ್ದೀರಿ, ತಾನಾಗಿ ತಿರುಗತೊಡಗಿದರೆ ಗದ್ದೆಯ ಮಟ್ಟಕ್ಕೆ ಇಳಿಯುತ್ತಿದ್ದೀರಿ. ಕಾರಿಗೆ ಗೊತ್ತಾಗದ, ನಡಿಗೆಗೆ ದೂರವಾಗುವ ಈ ಬಯಲಿಗೆ ಸೈಕಲ್ಲೇ ಸರಿ.

ದಾರಿ

ಕುಮಟಾ ಪೇಟೆಯಿಂದ ಬಾಡ, ಕಾಗಾಲ ಹಾದು ಅಘನಾಶಿನಿ ಊರು. ಅಲ್ಲಿ ಸೈಕಲ್ ಸಮೇತ ತಾರಿ ದೋಣಿ ಹತ್ತಿ ಆಚೆ ದಡದ ತದಡಿ. ತದಡಿಯಿಂದ ಸಾಣಿಕಟ್ಟಾ, ಅಲ್ಲಿಂದ ಮಾದನಗೇರಿ. ಅಲ್ಲಿ ಹೆದ್ದಾರಿಗೆ ಬಂದು ಹಿರೇಗುತ್ತಿ, ಮಿರ್ಜಾನ, ದೀವಗಿ ಸೇತುವೆ, ಹಂದಿಗೋಣ, ಮತ್ತೆ ಕುಮಟಾ. ಅಘನಾಶಿನಿ ಅಳಿವೆಗೆ ಒಂದು ಪ್ರದಕ್ಷಿಣೆ. ಒಟ್ಟು ನಲವತ್ತು ಕಿಲೋಮೀಟರಿನ ಆಸುಪಾಸು. ಗಟ್ಟಿ ಸವಾರರು ಬೆಳಗಿನ ತಿಂಡಿಯ ಹೊತ್ತಿಗೆ ಮುಗಿಸಿಯಾರು. ರಸಿಕರು ಇಡೀ ದಿನ ಇಟ್ಟುಕೊಳ್ಳಬೇಕು. ಗೇರ್ ಇಲ್ಲದ ಸೈಕಲ್ಲೂ ಸಾಕು. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ಕುಮಟಾ, ಮಿರ್ಜಾನ, ಗೋಕರ್ಣ ರೋಡ್ ನಿಲ್ದಾಣಗಳು ಈ ಸುತ್ತಿಗೆ ಹತ್ತಿರ.

ಮೊದಲ ಪಾಠ: ತೂಬಿನ ಬಳಿ ನಿಲ್ಲುವುದು

ಕಾಗಾಲದ ಕಡೆ ಗಜನಿ ಕಂಡೊಡನೆ ಹಸಿರಿನ ಫೋಟೋ ತೆಗೆಯಲು ಅವಸರಿಸಬೇಡಿ. ಮೊದಲು ಒಡ್ಡಿನಲ್ಲಿ ತೂಬು ಎಲ್ಲಿದೆ ಎಂದು ಹುಡುಕಿ. ಎರಡು ಗೋಡೆಗಳ ನಡುವೆ ನೀರಿಗೊಂದು ದಾರಿ. ಗೋಡೆಗಳಲ್ಲಿ ಉದ್ದಕ್ಕೆ ಕೊರೆದ ಕಚ್ಚು. ಆ ಕಚ್ಚಿನಲ್ಲಿ ಒಂದರ ಮೇಲೊಂದು ಇಳಿಬಿಟ್ಟ ಹಲಗೆಗಳು. ಇಷ್ಟೇ ಯಂತ್ರ. ಮಳೆಗಾಲದಲ್ಲಿ ಹೊಳೆ ಇಳಿದಾಗ ಹಲಗೆ ಎತ್ತಿ ಗದ್ದೆಯಲ್ಲಿ ಹೆಚ್ಚಾದ ಮಳೆನೀರನ್ನು ಹೊರಗೆ ಬಿಡುತ್ತಾರೆ, ಉಬ್ಬರ ಏರುವ ಮೊದಲು ಹಲಗೆ ಇಳಿಸಿ ಉಪ್ಪುನೀರನ್ನು ತಡೆಯುತ್ತಾರೆ.

ಈಗ ತೂಬಿನ ಹೊರಗೋಡೆ ನೋಡಿ. ಕಲ್ಲಿಗೆ ಚಿಪ್ಪುಗಳು ಒರಟಾಗಿ ಕಚ್ಚಿಕೊಂಡಿರುತ್ತವೆ, ಒಂದು ಮಟ್ಟದವರೆಗೆ ಮಾತ್ರ. ಆ ಚಿಪ್ಪುಗಳಿಗೆ ದಿನಕ್ಕೆರಡು ಸಲ ಉಪ್ಪುನೀರು ಬೇಕು. ಅವು ನಿಂತಲ್ಲಿಗೆ ಸಾಮಾನ್ಯ ಉಬ್ಬರದ ಆಟ ಮುಗಿಯಿತೆಂದು ತಿಳಿಯಿರಿ. ಆ ಗೆರೆಯನ್ನು ಕಣ್ಣಲ್ಲೇ ಒಡ್ಡಿನಾಚೆಗೆ ಎಳೆದುಕೊಂಡು ಹೋಗಿ. ಎಷ್ಟೋ ಕಡೆ ಗದ್ದೆ ಗೆರೆಗಿಂತ ಕೆಳಗಿರುತ್ತದೆ. ಅಂದರೆ ನೀವು ನೋಡುತ್ತಿರುವ ಹಸಿರೆಲ್ಲ ಸಮುದ್ರಕ್ಕೆ ಸೇರಬೇಕಾಗಿದ್ದ ಜಾಗದಲ್ಲಿ, ಮಣ್ಣಿನ ಒಂದು ದಿಬ್ಬ ಮತ್ತು ನಾಲ್ಕು ಹಲಗೆಗಳ ಭರವಸೆಯ ಮೇಲೆ ನಿಂತಿದೆ. ಇದು ಹೊಳೆದ ಮೇಲೆ ಬಯಲು ಮತ್ತೆ ಬರೀ ಬಯಲಾಗಿ ಕಾಣುವುದಿಲ್ಲ.

ಹಿಂದೆ ಈ ಒಡ್ಡುಗಳನ್ನು ರೈತರೇ ಮಣ್ಣಿನಿಂದ ಕಟ್ಟಿಕೊಂಡು, ವರ್ಷವರ್ಷವೂ ಕೂಡಿ ರಿಪೇರಿ ಮಾಡುತ್ತಿದ್ದರು. 1970ರ ದಶಕದಿಂದೀಚೆಗೆ ಸರ್ಕಾರದ ಯೋಜನೆಯಲ್ಲಿ ಕಲ್ಲು ಹೊದಿಸಿದ ಒಡ್ಡುಗಳು ಬಂದವು. ಜನ ಅವನ್ನು ಖಾರ್‌ಲ್ಯಾಂಡ್ ಒಡ್ಡು ಎನ್ನುತ್ತಾರೆ. ನೀವು ಸಾಗುವಾಗ ಎರಡನ್ನೂ ಗುರುತಿಸಿ. ಮಣ್ಣಿನದು ಹೊಳೆಯ ತಿರುವಿಗೆ ತಕ್ಕಂತೆ ತಿರುಗುತ್ತದೆ. ಕಲ್ಲಿನದು ನಕ್ಷೆಯ ಗೆರೆ ಹಿಡಿದು ನೇರ ಹೋಗುತ್ತದೆ.

ಎರಡನೇ ಪಾಠ: ಕಗ್ಗವನ್ನು ಗುರುತಿಸುವುದು

ಗಜನಿಯ ನಾಯಕ ಕಗ್ಗ. ಉಪ್ಪಿನಂಶ ತಾಳಿಕೊಳ್ಳುವ, ಹಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯದ ಭತ್ತದ ತಳಿ. ಮೇ ಕೊನೆಗೋ ಜೂನ್ ಮೊದಲಿಗೋ ಮಳೆ ಹಿಡಿದು, ಬೇಸಿಗೆಯಲ್ಲಿ ಮಣ್ಣಿಗೆ ಏರಿದ ಉಪ್ಪು ತೊಳೆದು ಹೋಗುವುದನ್ನು ರೈತ ಕಾಯುತ್ತಾನೆ. ಇಲ್ಲಿ ಮಳೆಗೆ ಬೆಳೆ ಬೆಳೆಸುವುದಕ್ಕಿಂತ ದೊಡ್ಡ ಕೆಲಸವಿದೆ: ಮೊದಲು ನೆಲವನ್ನು ಸಿಹಿ ಮಾಡಬೇಕು. ಮೊಳಕೆ ಬರಿಸಿದ ಬೀಜ ಬಿದ್ದ ಮೇಲೆ ಗೊಬ್ಬರವಿಲ್ಲ, ಔಷಧಿಯಿಲ್ಲ. ಹೊಳೆ ತಂದ ಹೂಳೇ ಸಾರ. ಅಕ್ಟೋಬರ್–ನವೆಂಬರಿನಲ್ಲಿ ಕೊಯ್ಲು.

ಸಾಮಾನ್ಯ ಗದ್ದೆಯ ಪಕ್ಕದಲ್ಲಿ ಕಗ್ಗದ ಗದ್ದೆ ಒಂದಿಷ್ಟು ಅಶಿಸ್ತಿನದಾಗಿ ಕಾಣುತ್ತದೆ. ಪೈರು ಎತ್ತರ, ಸಾಲಿಲ್ಲ, ಗಾಳಿಗೆ ಅಲ್ಲಲ್ಲಿ ಒರಗಿರುತ್ತದೆ. ಈ ಎತ್ತರವೇ ಅದರ ಬಲ: ನೀರು ಏರಿದರೂ ತಲೆ ಮೇಲಿರಬೇಕಲ್ಲ. ಕರಿ ಕಗ್ಗದ ತೆನೆಯನ್ನು ಹತ್ತಿರದಿಂದ ನೋಡಿದರೆ ಹೊಟ್ಟು ಕಪ್ಪು, ಒಳಗಿನ ಅಕ್ಕಿ ಕೆಂಪು. ಕುಚ್ಚಿಗೆ ಮಾಡಿ ಗಂಜಿ ಉಂಡರೆ ಮಧ್ಯಾಹ್ನದವರೆಗೆ ಹಸಿವು ಹತ್ತಿರ ಸುಳಿಯದು.

ಕೊಯ್ಲಾದ ಮೇಲೆ ತೂಬಿನ ಕೆಲಸ ತಿರುವುಮುರುವು. ಆರು ತಿಂಗಳು ಹೊರಗಿಟ್ಟ ಉಪ್ಪುನೀರನ್ನು ಈಗ ಕರೆದು ಒಳಗೆ ಬಿಡುತ್ತಾರೆ. ಜೊತೆಗೆ ಸಿಗಡಿ, ಮೀನಿನ ಮರಿಗಳೂ ಬರುತ್ತವೆ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಅವಕ್ಕೆ ಮೇವಾಗುತ್ತದೆ. ನೀರು ಹೊರಗೆ ಹೋಗುವಾಗ ತೂಬಿನ ಬಾಯಿಗೆ ಬಲೆ. ಒಂದೇ ನೆಲ ಅರ್ಧ ವರ್ಷ ಭತ್ತದ್ದು, ಅರ್ಧ ವರ್ಷ ಮೀನಿನದು.

ಈ ಲಯ ತಪ್ಪಿದ್ದನ್ನೂ ಕಾಣುವ ಕಣ್ಣು ಬೇಕು. ಸಿಗಡಿಗೆ ಒಳ್ಳೆಯ ದರ ಬಂದ ಕಾಲದಲ್ಲಿ ಗಜನಿಗಳನ್ನು ಗುತ್ತಿಗೆಗೆ ಕೊಡುವುದು ಹೆಚ್ಚಿತು. ಗುತ್ತಿಗೆದಾರನಿಗೆ ಉಪ್ಪುನೀರು ವರ್ಷವಿಡೀ ಒಳಗಿದ್ದರೆ ಲಾಭ, ಭತ್ತಕ್ಕೆ ಅದೇ ಮರಣ. 1990ರ ದಶಕದಲ್ಲಿ ಸಿಗಡಿಗೆ ಬಿಳಿ ಚುಕ್ಕೆ ರೋಗ ಬಡಿದಾಗ ಸಿಗಡಿಯೂ ಹೋಯಿತು. ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಕಗ್ಗದ ಬೀಜವೇ ಇರಲಿಲ್ಲ. ಹೊಳೆಯಂಚಿನಲ್ಲಿ ಪಾಳು ಬಿದ್ದು ಕಾಂಡ್ಲಾ ಏಳುತ್ತಿರುವ ಚೌಕಗಳನ್ನು ಕಂಡರೆ ಹಳೆಯ ಬದುಗಳ ಗುರುತು ಹುಡುಕಿ. ಕುಮಟಾ ಬಳಿಯ ಮಾಣಿಕಟ್ಟಾದಲ್ಲಿ ರೈತರು ಒಟ್ಟಾಗಿ ಕಗ್ಗವನ್ನು ಉಳಿಸಿಕೊಂಡು ಬಂದಿದ್ದಾರೆ. ಸಾಮೂಹಿಕ ಒಡ್ಡು ಸಾಮೂಹಿಕ ಒಪ್ಪಂದವಿದ್ದರೆ ಮಾತ್ರ ನಿಲ್ಲುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ತಾರಿಯಲ್ಲಿ

ಅಘನಾಶಿನಿಗೆ ಹೊಳೆಯುದ್ದಕ್ಕೂ ಅಣೆಕಟ್ಟಿಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಬಂದ ನೀರು, ಹೂಳಿನ ಸಮೇತ ಇಲ್ಲಿಯವರೆಗೆ ತಲುಪುತ್ತದೆ. ಗಜನಿಯ ಸಾರವೂ ಅದೇ, ಬಳಚು ಎಂಬ ಚಿಪ್ಪುಜೀವಿಯ ಸಮೃದ್ಧಿಯೂ ಅದೇ. 2024ರಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲವೆಂದು ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿತು.

ದೋಣಿಯಲ್ಲಿ ಸೈಕಲ್ ಹಿಡಿದು ನಿಂತು ಎರಡೂ ಬದಿ ನೋಡಿ. ಇಳಿತದ ಹೊತ್ತಾದರೆ ಹೊಳೆ ನಡುವೆ ಮರಳುದಿಬ್ಬ ತೆರೆದುಕೊಂಡಿರುತ್ತದೆ. ಹೆಂಗಸರೂ ಗಂಡಸರೂ ಸೊಂಟ ಬಗ್ಗಿಸಿ ಬಳಚು ಆರಿಸುತ್ತಿರುತ್ತಾರೆ. ಉಬ್ಬರದ ಹೊತ್ತಾದರೆ ಅದೇ ಜಾಗ ಬರೀ ನೀರು. ಹಾಗಾಗಿ ಹೊರಡುವ ಮುಂಚಿನ ದಿನ ಪಂಚಾಂಗ ನೋಡಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆ. ಇಳಿತದ ವೇಳೆ ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಷ್ಟು ಮುಂದೆ ಹೋಗುತ್ತದೆ. ಈ ಸುತ್ತಾಟಕ್ಕೆ ಗಡಿಯಾರಕ್ಕಿಂತ ಚಂದ್ರನ ಲೆಕ್ಕ ಮುಖ್ಯ.

ಸಾಣಿಕಟ್ಟಾ: ಒಲೆಯಿಲ್ಲದ ಅಡುಗೆ

ಸಾಣಿಕಟ್ಟಾದಲ್ಲಿ ಅದೇ ಉಬ್ಬರವನ್ನು ಇನ್ನೊಂದು ಕೆಲಸಕ್ಕೆ ದುಡಿಸಿಕೊಂಡಿದ್ದಾರೆ. ಉಪ್ಪಿನ ಆಗರಗಳನ್ನು ನೋಡುವಾಗ ಬಿಳಿ ರಾಶಿಗಳತ್ತ ಓಡದೆ, ನೀರು ಒಳಬರುವ ಕಾಲುವೆಯಿಂದ ಶುರು ಮಾಡಿ. ಕಾಲುವೆಯಿಂದ ದೊಡ್ಡ ಹೊಂಡ, ಅಲ್ಲಿಂದ ತೆಳುವಾದ ಮಡಿಗಳು, ಕೊನೆಗೆ ಅಂಗೈ ಆಳದ ಚೊಕ್ಕ ಚೌಕಗಳು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಹರಳುಗಟ್ಟಬೇಕಾದರೆ ನೀರು ಬಿಸಿಲಿಗೆ ಹೆಚ್ಚೂಕಡಿಮೆ ಹತ್ತನೇ ಒಂದು ಪಾಲಿಗೆ ಇಳಿಯಬೇಕು. ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ತನ್ನಷ್ಟಕ್ಕೆ ಜಾರುವಂತೆ ನೆಲವನ್ನು ತುಳಿದು ಮಟ್ಟ ಮಾಡಿದ ಕುಶಲತೆಯನ್ನು ಸೈಕಲ್ ನಿಲ್ಲಿಸಿ, ಕುಕ್ಕರಗಾಲಲ್ಲಿ ಕುಳಿತೇ ನೋಡಬೇಕು. ಕೊನೆಯ ಚೌಕದ ಅಂಚಿನಲ್ಲಿ ನೀರಿನ ಮೇಲೆ ಮೊದಲು ತೆಳ್ಳನೆಯ ಕೆನೆ ಕಟ್ಟುತ್ತದೆ. ಅದು ಭಾರವಾಗಿ ತಳಕ್ಕಿಳಿದು ಹರಳಾಗುತ್ತದೆ. ಉದ್ದ ಕೋಲಿನ ಹಲಗೆಯಿಂದ ಎಳೆಯುವಾಗ ತಳದ ಮಣ್ಣು ಬರದಂತೆ ಮೇಲಿನ ಉಪ್ಪಷ್ಟನ್ನೇ ಬಳಿಯುವ ಹದ ಕೆಲಸಗಾರರ ಮಣಿಕಟ್ಟಿನಲ್ಲಿದೆ.

ಬಿಸಿಲು ಮತ್ತು ತಗ್ಗು ಇದ್ದಲ್ಲಿ ಯಾರಾದರೂ ಮಾಡಿಕೊಳ್ಳಬಹುದಾದ ವಸ್ತು ಇದು. ಅದಕ್ಕೂ ಬ್ರಿಟಿಷರು ತೆರಿಗೆ ಹಾಕಿದ್ದರ ಸಿಟ್ಟು ಎಂಥದ್ದೆಂದು ಈ ಮಡಿಗಳ ಪಕ್ಕದಲ್ಲಿ ನಿಂತರೆ ತಿಳಿಯುತ್ತದೆ. ಉತ್ತರಕ್ಕೆ ಸ್ವಲ್ಪ ದೂರದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದದ್ದು ಇದೇ ಕರಾವಳಿಯ ಜನ. ಕಥೆ ಓದುವವರು ಇಲ್ಲಿ ಇನ್ನೊಂದು ಸುತ್ತು ಹಾಕಬಹುದು: ಕಥೆಗಾರ ಯಶವಂತ ಚಿತ್ತಾಲರ ಊರು ಹನೇಹಳ್ಳಿ ಇಲ್ಲೇ ಹತ್ತಿರ.

ಗಟ್ಟಿ ನೆಲ

ಮಾದನಗೇರಿಯಿಂದ ಮುಂದೆ ಹೆದ್ದಾರಿ. ಲಾರಿಗಳ ಭರಾಟೆ ಇರುವುದರಿಂದ ಅಂಚು ಬಿಡಬೇಡಿ, ಹರಟೆಯೂ ಬೇಡ. ಮಿರ್ಜಾನ ಕೋಟೆಯನ್ನು ಬಯಲಿನ ಪಾಠದ ಮುಂದುವರಿಕೆಯಾಗಿ ನೋಡಿ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಕಟ್ಟಿಸಿದ್ದೆಂದು ಹೆಸರಾದ ಈ ಕೋಟೆ, ಘಟ್ಟದ ಸರಕು ದೋಣಿಗೆ ಹತ್ತುವ ಹೊಳೆಯ ಬದಿಯಲ್ಲಿ ನೆರೆ ಮುಟ್ಟದ ನೆಲ ಹಿಡಿದು ಕೂತಿದೆ. ಚಿರೇಕಲ್ಲಿನ ಗೋಡೆಯ ಮೇಲಿಂದ ಪದರಗಳನ್ನು ಎಣಿಸಿ: ಗುಡ್ಡ, ಗುಡ್ಡದಡಿಯ ಮನೆ, ತೋಟ, ಸಿಹಿನೀರ ಗದ್ದೆ, ಹೊಳೆ.

ಹಂದಿಗೋಣದ ಹತ್ತಿರ ಇನ್ನೊಂದು ಮಟ್ಟದ ಬೆಳೆ. ಗಜನಿಗಿಂತ ತುಸು ಎತ್ತರದ, ಮರಳು ಬೆರೆತ ಗದ್ದೆಯಲ್ಲಿ ಭತ್ತದ ಕೊಯ್ಲಾದ ಮೇಲೆ ಕುಮಟಾದ ಸಿಹಿ ಈರುಳ್ಳಿ ಬೆಳೆಯುತ್ತಾರೆ. ಮಾರ್ಚಿನಿಂದ ಮಳೆಗಾಲದವರೆಗೆ ರಸ್ತೆ ಬದಿಯ ಗಳಗಳಲ್ಲಿ ಜಡೆ ಹೆಣೆದ ಈರುಳ್ಳಿ ತೂಗುತ್ತದೆ. ಕೊಳ್ಳುವಾಗ ಜಡೆ ನೋಡಿ: ಒಣಗಿದ ಸೊಪ್ಪನ್ನೇ ಸೇರಿಸಿ ಹೆಣೆದಿರುತ್ತಾರೆ, ಗಾಳಿಯಾಡಿ ಈರುಳ್ಳಿ ಬಾಳಿಕೆ ಬರಲೆಂದು.

ಶಿಸ್ತು

ಒಡ್ಡು ರೈತರ ಆಸ್ತಿ, ಸೈಕಲ್ ಟ್ರ್ಯಾಕ್ ಅಲ್ಲ. ಮಳೆಗಾಲದಲ್ಲಿ ಚಕ್ರ ಕೊರೆದ ಗೆರೆಯಲ್ಲೇ ನೀರು ಇಳಿದು ಮಣ್ಣು ಜಾರುತ್ತದೆ. ಅಲ್ಲಿ ಇಳಿದು ನಡೆಯಿರಿ. ತೂಬಿನ ಹಲಗೆ ಮುಟ್ಟಬೇಡಿ. ಉಪ್ಪಿನ ಮಡಿಗೆ ಚಪ್ಪಲಿಗಾಲು ಇಡಬೇಡಿ. ಕೆಲಸದಲ್ಲಿರುವವರ ಮುಖದ ಮುಂದೆ ಫೋನು ಹಿಡಿಯುವ ಮೊದಲು ಅಕ್ಕ, ಅಣ್ಣ ಎಂದು ಮಾತಾಡಿಸಿ. ಕೊರಳ ತುಂಬ ಮಣಿಸರ ತೊಟ್ಟ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯರು ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಿದ್ದರೆ ಫೋಟೋ ಕೇಳುವುದಕ್ಕಿಂತ ಬಸಳೆಯ ದರ ಕೇಳುವುದು ಒಳ್ಳೆಯ ಪೀಠಿಕೆ. ದೋಣಿಯ ವೇಳೆಯನ್ನು ದಡದಲ್ಲೇ ವಿಚಾರಿಸಿಕೊಳ್ಳಿ. ಮನೆಗೆ ಮರಳಿದ ದಿನವೇ ಸೈಕಲ್ಲನ್ನು ಸಿಹಿನೀರಲ್ಲಿ ತೊಳೆದು ಚೈನಿಗೆ ಎಣ್ಣೆ ಬಿಡಿ. ಉಪ್ಪುಗಾಳಿ ವಾರದೊಳಗೆ ತುಕ್ಕು ಹಿಡಿಸುತ್ತದೆ.

ಎಂದು ಹೋಗಬೇಕು? ಇದಕ್ಕೆ ಒಂದು ಉತ್ತರ ಸಾಲದು. ಅಕ್ಟೋಬರಿನಲ್ಲಿ ಹೋದರೆ ಬಾಗಿದ ಕಗ್ಗ ಸಿಗುತ್ತದೆ, ಉಪ್ಪಿನ ಮಡಿಗಳು ಇನ್ನೂ ಮಳೆನೀರಿನಲ್ಲಿರುತ್ತವೆ. ಮಾರ್ಚಿನಲ್ಲಿ ಹೋದರೆ ಉಪ್ಪು, ಈರುಳ್ಳಿ, ಹೋಳಿಯ ಸುಮಾರಿಗೆ ಹಾಲಕ್ಕಿಗಳ ಸುಗ್ಗಿ ಕುಣಿತ ಸಿಗುತ್ತವೆ. ಆದರೆ ಭತ್ತದ ಗದ್ದೆ ಆಗ ಕೆರೆಯಂತೆ ನೀರು ತುಂಬಿ ನಿಂತಿರುತ್ತದೆ. ಒಂದೇ ಸಲ ನೋಡಿದವರು ಈ ಬಯಲಿನ ಅರ್ಧ ಮಾತ್ರ ನೋಡಿದಂತೆ. ಹಾಗಾಗಿ ವರ್ಷಕ್ಕೆ ಎರಡು ಸಲ ಹೋಗಿ, ಎರಡನೆಯ ಸಲ ದಾರಿಯನ್ನು ತಿರುಗುಮುರುಗು ಹಿಡಿಯಿರಿ. ಅದೇ ತೂಬಿನ ಬಳಿ ನಿಂತು ಹಲಗೆ ಇಳಿದಿದೆಯೋ ಎದ್ದಿದೆಯೋ ನೋಡಿ, ಒಳಗಿರುವುದು ಸಿಹಿನೀರೋ ಉಪ್ಪುನೀರೋ ಊಹಿಸಿ, ಆಮೇಲೆ ಬದುವಿನ ಮೇಲಿದ್ದವರನ್ನು ಕೇಳಿ. ಊಹೆ ಸರಿಯಾದರೆ ಗಜನಿಯನ್ನು ಓದಲು ಬಂತೆಂದೇ ಲೆಕ್ಕ. ತಪ್ಪಾದರೂ ಕಾರಣ ಬಲ್ಲವರು ಅಲ್ಲೇ ಇರುತ್ತಾರೆ, ಕೇಳಿಸಿಕೊಳ್ಳುವಷ್ಟು ಬಿಡುವು ಇಟ್ಟುಕೊಂಡು ಹೋಗಿ.