1942 ಎಂಬ ಇಸವಿಯ ಪ್ರತಿಷ್ಠೆ

ನಮ್ಮ ಕೌಲ್ ಬಜಾರಿನಲ್ಲಿ ಮಲೆನಾಡಿನ ಮಂಗನ ಕಾಯಿಲೆಯ ಮಾತು ಬಂದಾಗಲೆಲ್ಲ ‘ವೈರಸ್ಸು ಬದಲಾಗಿ ಜೋರಾಗಿದೆಯಂತೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಚಹಾದಂಗಡಿಯ ಮಾತೆಂದು ಬಿಡಬಹುದಿತ್ತು. ಓದಿಕೊಂಡವರೂ ಅದನ್ನೇ ಹೇಳಿ, ಆಧಾರಕ್ಕೆ 2009ರ ಒಂದು ಸಂಶೋಧನಾ ಪ್ರಬಂಧವನ್ನು ಮುಂದಿಡುವುದರಿಂದ ಅದನ್ನು ಮತ್ತೆ ಬಿಡಿಸಿ ಓದಿದೆ.

1957ರಿಂದ 2006ರವರೆಗೆ ಭಾರತದಲ್ಲಿ ಸಿಕ್ಕ ಈ ಕಾಯಿಲೆಯ 48 ವೈರಸ್ಸುಗಳನ್ನು ಅದು ಹೋಲಿಸಿದ್ದು ಶ್ರಮದ ಕೆಲಸವೇ. ಆದರೆ ಅದರ ಕೀರ್ತಿ ನಿಂತಿರುವುದು ಒಂದು ಇಸವಿಯ ಮೇಲೆ: ಸೌದಿ ಅರೇಬಿಯಾ, ಚೀನಾದ ಬಂಧುಗಳೂ ಸೇರಿ ಇವಕ್ಕೆಲ್ಲ ಮೂಲವಾದ ವೈರಸ್ಸು 1942ರ ಸುಮಾರಿನದು. ಅಂದರೆ, ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳುವ ಹದಿನೈದೇ ವರ್ಷ ಮೊದಲು.

ಈ ಇಸವಿ ಹುಟ್ಟಿದ್ದು ಒಂದು ವೇಗದಿಂದ. 10,000 ಆರ್‌ಎನ್‌ಎ ಅಕ್ಷರಗಳಿಗೆ ವರ್ಷಕ್ಕೆ 6.4 ಬದಲಾವಣೆ. ಈಗ ಚೀನಾದ ವೈರಸ್ಸನ್ನು ನೋಡಿ. ಯುನ್ನಾನ್‌ನಲ್ಲಿ 1989ರಲ್ಲಿ ಸಿಕ್ಕ ಅದು 1957ರ ನಮ್ಮ ತಳಿಗೆ ಹೆಚ್ಚುಕಡಿಮೆ ತದ್ರೂಪು. ಜೀನೋಮಿನ ಉದ್ದ ಸುಮಾರು 10,800 ಅಕ್ಷರ. ಆ ವೇಗ ನಿಜವಾಗಿದ್ದರೆ 32 ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಅಕ್ಷರ ಬದಲಾಗಬೇಕಿತ್ತು. ಒಂದೋ ವೇಗ ತಪ್ಪು, ಇಲ್ಲವೇ ಹಳೆಯ ತಳಿಯೇ ಪ್ರಯೋಗಾಲಯದಲ್ಲಿ ಬೆರೆತಿದೆ ಎಂಬುದು ನನ್ನ ಗುಮಾನಿ. ಎರಡರಲ್ಲಿ ಯಾವುದಾದರೂ 1942 ಅಲುಗಾಡುತ್ತದೆ. 2011ರಲ್ಲಿ ಪೂರ್ಣ ಜೀನೋಮುಗಳನ್ನೇ ಓದಿದ ಇನ್ನೊಂದು ತಂಡ, ಸೌದಿಯ ಅಲ್‌ಖುರ್ಮಾ ವೈರಸ್ಸೂ ನಮ್ಮದೂ ಬೇರೆಯಾಗಿ ಸುಮಾರು 700 ವರ್ಷವಾಯಿತು ಎಂದಿತು. ಅವರ ಬಳಿ ಮಂಗನ ಕಾಯಿಲೆಯ ಮೂರೇ ಮಾದರಿ ಇದ್ದವು, ಒಪ್ಪುತ್ತೇನೆ. ಆದರೂ 1942 ಎಲ್ಲಿ, ಏಳು ಶತಮಾನದ ಹಿಂದೆಲ್ಲಿ!

ಇಸವಿ ಸರಿಯೆಂದೇ ಇಟ್ಟುಕೊಳ್ಳೋಣ. ಕಾಯಿಲೆ ಜೋರಾಯಿತೆಂಬುದು ಅದರಿಂದ ಹೇಗೆ ಬಂತು? ಬದಲಾದದ್ದೆಲ್ಲ ಉಗ್ರವಾಗಬೇಕೆಂದಿಲ್ಲ. ಇದರದೇ ಬಳಗದ, ಯುರೋಪಿನಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸನ್ನು ಹ್ಯಾಮ್‌ಸ್ಟರ್ ಕೋಶಗಳಲ್ಲಿ ಬೆಳೆಸಿದಾಗ ಅದರ ಹೊದಿಕೆಯ ಪ್ರೋಟೀನು ಅಲ್ಲಲ್ಲಿ ಬದಲಾಯಿತು. ಕೋಶಕ್ಕೆ ಅಂಟುವ ಬಲ ಹೆಚ್ಚಿತು. ಇಲಿಯ ಮಿದುಳು ತಲುಪುವ ಶಕ್ತಿ ಮಾತ್ರ ಕುಗ್ಗಿತು. ಬದಲಾವಣೆ ಅಲ್ಲಿ ರೋಗವನ್ನು ಮೆತ್ತಗಾಗಿಸಿತ್ತು. ಅದು ಗೊತ್ತಾದದ್ದು ಇಲಿಗೆ ಚುಚ್ಚಿ ನೋಡಿದ್ದರಿಂದ. 2009ರ ಪ್ರಬಂಧ ಅಕ್ಷರಗಳನ್ನು ಹೋಲಿಸಿದೆ. ರೋಗದ ಉಗ್ರತೆಯನ್ನು ಅಳೆದೇ ಇಲ್ಲ.

ಅರ್ಧ ಶತಮಾನದ ಆ 48 ವೈರಸ್ಸುಗಳಲ್ಲಿ ಅದು ಕಂಡ ವೈವಿಧ್ಯ ಶೇ 1.2 ಮಾತ್ರ. ಪ್ರಬಂಧವನ್ನು ಉಪನ್ಯಾಸಕ್ಕೆ ಒಯ್ಯುವವರು ದಯವಿಟ್ಟು ಈ ಅಂಕಿಯನ್ನೂ ಓದಿ ಹೇಳಿ.