ಮುಗ್ಗರಿಸುವ ಟರ್ಬೊ ಕಾರು: ಹೆಸರಿಟ್ಟ ಮಾತ್ರಕ್ಕೆ ನಿದಾನವಾದೀತೆ?

ಪೆಟ್ರೋಲ್ ಎಂಜಿನ್ನಿನ ಬಗ್ಗೆ ನಮ್ಮ ಪದವಿ ತರಗತಿಗಳ ಪಾಠ ಸಾಮಾನ್ಯವಾಗಿ ಒಟ್ಟೊ ಚಕ್ರದ ದಕ್ಷತೆಯ ಸೂತ್ರದೊಂದಿಗೆ ಮುಗಿಯುತ್ತದೆ. ಆ ಸೂತ್ರ ಆದರ್ಶ ಎಂಜಿನ್ನಿಗೆ ಸಂಬಂಧಿಸಿದ್ದು. ರಸ್ತೆಯ ಮೇಲಿನ ಎಂಜಿನ್ ಹಾಗಿರುವುದಿಲ್ಲ. ಚಾಲಕ ಆಕ್ಸಿಲರೇಟರನ್ನು ಒತ್ತಿದ ಕ್ಷಣದಿಂದ ಗಾಳಿ, ಇಂಧನ, ಕಿಡಿ ಮೂರೂ ಹೊಸ ಸ್ಥಿತಿಗೆ ಹೊಂದಿಕೊಳ್ಳಬೇಕು. ಹೊಂದಾಣಿಕೆ ತಪ್ಪಿದರೆ ಕಾರು ಮುನ್ನುಗ್ಗುವ ಬದಲು ಒಂದು ಗಳಿಗೆ ಮುಗ್ಗರಿಸುತ್ತದೆ. ಮಾಲೀಕರು ಭಾಗಗಳನ್ನು ಬದಲಿಸಿ ಮಾರ್ಪಡಿಸಿಕೊಂಡ ಟರ್ಬೊ ಕಾರುಗಳಲ್ಲಿ ಈ ದೂರು ಸಾಮಾನ್ಯ. ಇದಕ್ಕೆ ಪರಿಹಾರ ಸೂಚಿಸುವ ಜನಪ್ರಿಯ ಬರಹಗಳೂ ಹೇರಳ. ಈ ಬರಹಗಳು ಕಾರಣವನ್ನು ಹುಡುಕುವ ಬಗೆಯನ್ನು ವಿಮರ್ಶೆಗೆ ಒಳಪಡಿಸುವುದು ಈ ಲೇಖನದ ಉದ್ದೇಶ. ತಪ್ಪು ನಿದಾನದಿಂದ ಹಣವಷ್ಟೇ ಹೋಗುವುದಿಲ್ಲ, ಪಿಸ್ಟನ್ ಕರಗಿ ಎಂಜಿನ್ನೇ ಹೋಗಬಹುದು.

ಹೆಸರು ವಿವರಣೆಯಲ್ಲ

ಮೊದಲ ದೋಷವೆಂದರೆ ಎಲ್ಲ ಬಗೆಯ ತಡೆಗೂ ‘ಟರ್ಬೊ ಲ್ಯಾಗ್’ ಎಂದು ಹೆಸರಿಟ್ಟು ಸುಮ್ಮನಾಗುವುದು. ಲ್ಯಾಗ್ ಎಂಬುದಕ್ಕೆ ಖಚಿತವಾದ ಅರ್ಥವಿದೆ. ಟರ್ಬೈನ್ ಮತ್ತು ಕಂಪ್ರೆಸರ್ ಚಕ್ರಗಳಿಗೆ ಜಡತ್ವವಿದೆ, ಅವು ವೇಗ ಪಡೆಯಲು ಕಾಲ ಬೇಕು. ಈ ಜೋಡಿಯ ಮೊಮೆಂಟ್ ಆಫ್ ಇನರ್ಷಿಯಾ 0.00002 ಕಿಗ್ರಾಂ-ಚದರ ಮೀಟರ್ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 30,000 ಸುತ್ತುಗಳಲ್ಲಿ ಅದರ ಚಲನಶಕ್ತಿ ಸುಮಾರು 100 ಜೂಲ್, 1,20,000 ಸುತ್ತುಗಳಲ್ಲಿ ಸುಮಾರು 1,580 ಜೂಲ್. ಟರ್ಬೈನಿಗೆ ದೊರೆಯುವ ಸಾಮರ್ಥ್ಯದಲ್ಲಿ ಕಂಪ್ರೆಸರ್ ಬಳಸಿದ್ದನ್ನು ಕಳೆದು ಸರಾಸರಿ 2 ಕಿಲೊವಾಟ್ ಉಳಿದರೆ ಈ ಏರಿಕೆಗೆ ಮುಕ್ಕಾಲು ಸೆಕೆಂಡು ಬೇಕು.

ಈ ಮುಕ್ಕಾಲು ಸೆಕೆಂಡಿನಲ್ಲಿ ವೇಗೋತ್ಕರ್ಷ ನಿಧಾನವಾಗಿಯಾದರೂ ಒಂದೇ ಸಮನೆ ಏರುತ್ತದೆ. ಮುಗ್ಗರಿಸುವಾಗ ಹಾಗಲ್ಲ. ಏರುತ್ತಿದ್ದ ವೇಗೋತ್ಕರ್ಷ ಕುಸಿದು ಮತ್ತೆ ಏರುತ್ತದೆ. ಭಾರವಾದ ಚಕ್ರ ಹೀಗೆ ಕುಸಿದು ಏಳುವಂತೆ ಮಾಡಲಾರದು, ಅದು ಬದಲಾವಣೆಯನ್ನು ನಯಗೊಳಿಸುತ್ತದೆಯೇ ವಿನಾ ತುಂಡರಿಸುವುದಿಲ್ಲ. ಹೀಗೆ ವಕ್ರರೇಖೆಯ ಆಕಾರವೊಂದೇ ಎರಡನ್ನೂ ಬೇರ್ಪಡಿಸಬಲ್ಲದು. ಎರಡಕ್ಕೂ ಒಂದೇ ಹೆಸರಿಟ್ಟಾಗ ಈ ಸುಳಿವು ಕೈತಪ್ಪುತ್ತದೆ.

ಕೋಡ್ ಹೇಳುವುದೇನು?

ಎರಡನೆಯ ದೋಷ, ಕಂಪ್ಯೂಟರ್ ಕೊಡುವ ದೋಷಸಂಖ್ಯೆಯನ್ನೇ ಕಾರಣವೆಂದು ಓದುವುದು. ಅಮೆರಿಕದಲ್ಲಿ 1996ರ ಮಾದರಿಯಿಂದ ಕಾರುಗಳಿಗೆ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಅದರಲ್ಲಿ ಪಿ0171 ಎಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ ಎಂದಷ್ಟೇ ಅರ್ಥ. ಆಕ್ಸಿಜನ್ ಸಂವೇದಕ ಕೆಟ್ಟಿದೆ ಎಂದಲ್ಲ. ಆದರೂ ಆ ಸಂವೇದಕವನ್ನೇ ಬದಲಿಸಿ ಎಂಬ ಸಲಹೆ ಮತ್ತೆ ಮತ್ತೆ ಕಾಣುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಜ್ವರಮಾಪಕವನ್ನು ಬದಲಿಸಿದರೆ ಜ್ವರ ಇಳಿಯುವುದೆ?

ಗಾಳಿಯ ಲೆಕ್ಕ

ಒಂದು ನಿಜವಾದ ಕಾರನ್ನು ತೆಗೆದುಕೊಳ್ಳೋಣ. ಸುಬಾರು ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್ 2002ರ ಮಾದರಿಯಾಗಿ ಅಮೆರಿಕದ ಮಾರುಕಟ್ಟೆಗೆ ಬಂತು. 2 ಲೀಟರಿನ, ನಾಲ್ಕು ಸಿಲಿಂಡರುಗಳ ಟರ್ಬೊ ಎಂಜಿನ್, 227 ಅಶ್ವಸಾಮರ್ಥ್ಯ. ಮಾರ್ಪಾಡು ಮಾಡುವವರಿಗೆ ಇದು ಅಚ್ಚುಮೆಚ್ಚು. ಎಂಜಿನ್ ಸೇವಿಸುವ ಗಾಳಿಯನ್ನು ಇಲ್ಲಿ ಅಳೆಯುವುದು ಬಿಸಿತಂತಿಯ ಸಂವೇದಕ. ಗಾಳಿ ತಂತಿಯನ್ನು ತಣಿಸುತ್ತದೆ, ತಂತಿಯ ಉಷ್ಣತೆಯನ್ನು ಕಾಯ್ದುಕೊಳ್ಳಲು ಬೇಕಾಗುವ ವಿದ್ಯುತ್ತೇ ಗಾಳಿಯ ಅಳತೆ. ಇದರ ಹಿಂದಿರುವ ನಿಯಮವನ್ನು ಎಲ್.ವಿ. ಕಿಂಗ್ 1914ರಲ್ಲಿ ಕೊಟ್ಟರು.

ಇಲ್ಲೊಂದು ಸೂಕ್ಷ್ಮವಿದೆ. ತಂತಿಗೆ ತಿಳಿಯುವುದು ಒಟ್ಟು ಗಾಳಿಯಲ್ಲ, ತಾನಿರುವ ಜಾಗದಲ್ಲಿ ಏಕಮಾನ ವಿಸ್ತೀರ್ಣದ ಮೂಲಕ ಹಾಯುವ ಗಾಳಿ ಮಾತ್ರ. ಕೊಳವೆಯ ಅಡ್ಡಕೊಯ್ತ ಎಷ್ಟೆಂಬುದನ್ನು ತಯಾರಕರು ಕಂಪ್ಯೂಟರಿನ ಕೋಷ್ಟಕದಲ್ಲಿ ಅಡಗಿಸಿರುತ್ತಾರೆ. ಮಾಲೀಕ 65 ಮಿಮೀ ವ್ಯಾಸದ ಕೊಳವೆ ತೆಗೆದು 70 ಮಿಮೀನದನ್ನು ಹಾಕಿದನೆನ್ನಿ (ಲೆಕ್ಕಕ್ಕಾಗಿ ಆರಿಸಿದ ಸಂಖ್ಯೆಗಳಿವು). ವಿಸ್ತೀರ್ಣ 1.16 ಪಟ್ಟಾಯಿತು. ಕಂಪ್ಯೂಟರಿಗೆ ಕಾಣುವ ಗಾಳಿ ನಿಜವಾದುದಕ್ಕಿಂತ ಸುಮಾರು ಶೇಕಡಾ 14ರಷ್ಟು ಕಡಿಮೆ.

ಕಾರು ನಿಂತು ಗುನುಗುವಾಗ ಅಥವಾ ಸಮವೇಗದಲ್ಲಿ ಓಡುವಾಗ ತೊಂದರೆ ಕಾಣದು. ಆಕ್ಸಿಜನ್ ಸಂವೇದಕದ ಮಾತು ಕೇಳಿ ಕಂಪ್ಯೂಟರ್ ಇಂಧನವನ್ನು ಶೇಕಡಾ 16ರಷ್ಟು ಹೆಚ್ಚಿಸಿ 14.7ರ ಅನುಪಾತಕ್ಕೆ ತರುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಈ ಮರುಮಾಹಿತಿಯ ಕುಣಿಕೆ ಕಳಚುತ್ತದೆ, ಇಂಧನ ಕೇವಲ ಕೋಷ್ಟಕದಂತೆ ಬೀಳುತ್ತದೆ. ಕಲಿತ ತಿದ್ದುಪಡಿ ಅಲ್ಲಿಗೆ ಅನ್ವಯವಾಗದಿದ್ದರೆ 11.5 ಇರಬೇಕಾದ ಅನುಪಾತ 13.3 ಆಗುತ್ತದೆ. ಸಾಲದುದಕ್ಕೆ, ಎಂಜಿನ್ ಮೇಲೆ ಹೊರೆ ಕಡಿಮೆಯಿದೆ ಎಂದು ನಂಬಿದ ಕಂಪ್ಯೂಟರ್ ಕಿಡಿಯನ್ನೂ ಬೇಗನೆ ಹಾರಿಸುತ್ತದೆ. ಇಂಧನ ಕಡಿಮೆ, ಕಿಡಿ ಬೇಗ, ಒತ್ತಡ ಹೆಚ್ಚು: ನಾಕಿಂಗ್‌ಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ. ನಾಕ್ ಸಂವೇದಕ ಅದನ್ನು ಗುರುತಿಸಿ ಕಿಡಿಯನ್ನು ಹಿಂದೂಡಿದಾಗ ಕಾರು ಮುಗ್ಗರಿಸುತ್ತದೆ. ಅಂದರೆ ಚಾಲಕನಿಗೆ ಕಿರಿಕಿರಿಯಾದ ಆ ಮುಗ್ಗರಿಕೆ ಎಂಜಿನ್ನಿನ ಆತ್ಮರಕ್ಷಣೆ. ಕಾರಣ ಹುಡುಕದೆ ಅದನ್ನು ಅಡಗಿಸುವ ಉಪಾಯ ಹೇಳುವುದು ಅಪಾಯಕಾರಿ.

ಒಂದೇ ತೂತು, ಎರಡು ಲಕ್ಷಣ

ರಾಶಿಯ ಸಂರಕ್ಷಣಾ ನಿಯಮ ಇಲ್ಲಿ ಎಷ್ಟು ಉಪಯುಕ್ತ ನೋಡಿ. ಕಂಪ್ರೆಸರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯಲ್ಲಿ, ಥ್ರಾಟಲ್‌ನ ಆಚೆ, ಒಂದು ಸೋರಿಕೆಯಿದೆಯೆನ್ನಿ. ಎಂಜಿನ್ ಗುನುಗುವಾಗ ಅಲ್ಲಿ ಒತ್ತಡ ವಾತಾವರಣಕ್ಕಿಂತ ಕಡಿಮೆ, ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಇಂಧನ ಸಾಲದಾಗುತ್ತದೆ. ಟರ್ಬೊ ಒತ್ತುವಾಗ ಲೆಕ್ಕ ಹಾಕಿದ ಗಾಳಿಯೇ ಹೊರಬೀಳುತ್ತದೆ, ಇಂಧನ ಅತಿಯಾಗುತ್ತದೆ. ತಿದ್ದುಪಡಿಯ ಚಿಹ್ನೆ ಹೀಗೆ ತಿರುವುಮುರುವಾಗುವುದು ಸೋರಿಕೆಯ ಹೆಗ್ಗುರುತು. ಅಗಲ ಕೊಳವೆಯ ದೋಷದಲ್ಲಾದರೋ ಚಿಹ್ನೆ ಎಲ್ಲೆಡೆ ಒಂದೇ.

ಗೇರು ಬದಲಿಸುವಾಗ ‘ಪುಸ್ಸ್’ ಎಂದು ಸದ್ದು ಮಾಡುವ ಕವಾಟದ ಕಥೆಯೂ ಇದೇ. ಈ ಕಾರಿನ ಮೂಲ ಕವಾಟ ಹೆಚ್ಚುವರಿ ಗಾಳಿಯನ್ನು ಸಂವೇದಕ ಮತ್ತು ಕಂಪ್ರೆಸರಿನ ನಡುವಿಗೆ ಮರಳಿಸುತ್ತದೆ. ಸದ್ದಿನ ಆಸೆಗೆ ಅದನ್ನು ಹೊರಗೆ ಬಿಟ್ಟರೆ ಎಣಿಸಿದ ಗಾಳಿ ಹೋಯಿತು, ಅದರ ಪಾಲಿನ ಇಂಧನ ಉಳಿಯಿತು. ಗೇರು ಬದಲಿಸಿದ ಮರುಕ್ಷಣವೇ ಮುಗ್ಗರಿಸುವ ಕಾರಿನಲ್ಲಿ ಮೊದಲು ನೋಡಬೇಕಾದುದು ಇದನ್ನು. ಆದರೆ ಒಳಗಿನ ಒತ್ತಡವನ್ನು ಅಳೆದು ಗಾಳಿಯನ್ನು ಲೆಕ್ಕ ಹಾಕುವ ಕಾರುಗಳಿಗೆ ಈ ವಾದ ಹೊಂದುವುದಿಲ್ಲ. ಜನಪ್ರಿಯ ಬರಹಗಳು ಈ ಎರಡು ಪದ್ಧತಿಗಳನ್ನು ಬೇರ್ಪಡಿಸದೆ ಎಲ್ಲ ಕಾರುಗಳಿಗೂ ಒಂದೇ ಮದ್ದು ಬರೆಯುತ್ತವೆ.

ಸುಳ್ಳು ಸಾಕ್ಷಿ

ಮೂರನೆಯ ದೋಷ ಎಲ್ಲಕ್ಕಿಂತ ಗಂಭೀರ: ಉಪಕರಣ ನಿಜವಾಗಿ ಅಳೆಯುವುದೇನು ಎಂದು ಕೇಳದಿರುವುದು. ಪಾಶೆನ್ ನಿಯಮದಂತೆ ಕಿಡಿ ಹಾರಲು ಬೇಕಾಗುವ ವಿಭವಾಂತರ ಅನಿಲದ ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸಿದೆ. ಒತ್ತಡದ ಜಾಗದಲ್ಲಿ ಸಾಂದ್ರತೆ ಎಂದರೆ ಇನ್ನೂ ಸರಿ. ಟರ್ಬೊ ಒತ್ತಡ ಹೆಚ್ಚಿಸಿದರೆ ಸಾಂದ್ರತೆ ಹೆಚ್ಚುತ್ತದೆ, ದುರ್ಬಲ ಕಾಯಿಲ್ ಸೋಲುತ್ತದೆ, ಕಿಡಿ ತಪ್ಪುತ್ತದೆ. ಉರಿಯದ ಸಿಲಿಂಡರಿನಿಂದ ಇಂಧನವೂ ಆಕ್ಸಿಜನ್ನೂ ಹಾಗೆಯೇ ಹೊರಬರುತ್ತವೆ. ಸಂವೇದಕಕ್ಕೆ ಕಾಣುವುದು ಆಕ್ಸಿಜನ್. ಅದು ‘ಇಂಧನ ಕಡಿಮೆ’ ಎನ್ನುತ್ತದೆ. ಅದನ್ನು ನಂಬಿ ಇಂಧನ ಹೆಚ್ಚಿಸಿದರೆ ಕಿಡಿ ಮತ್ತಷ್ಟು ತಪ್ಪುತ್ತದೆ. ಸರಿಯಾದ ಪ್ರಯೋಗ ಸರಳವಾಗಿದೆ. ಬೇರೇನನ್ನೂ ಮುಟ್ಟದೆ ಪ್ಲಗ್ಗಿನ ಅಂತರವನ್ನು ತುಸು ಕಿರಿದುಗೊಳಿಸಿ ನೋಡುವುದು. ದೋಷ ಮರೆಯಾದರೆ ಇಂಧನವನ್ನು ದೂರಬೇಕಿಲ್ಲ.

ಅನುಭವ ಮತ್ತು ಅಳತೆ

ಅನುಭವಿ ಮೆಕ್ಯಾನಿಕ್‌ನ ಊಹೆಯನ್ನು ಇಲ್ಲಿ ಹಳಿಯುತ್ತಿಲ್ಲ. ಮೊದಲು ಕೊಳವೆಯ ಕ್ಲಿಪ್ಪುಗಳನ್ನು ಪರೀಕ್ಷಿಸುವ ಆತನ ಕ್ರಮದಲ್ಲಿ ನೂರಾರು ಕಾರುಗಳ ಸಂಭವನೀಯತೆ ಅಡಗಿದೆ. ಆಕ್ಷೇಪ ಇರುವುದು ಒಂದೇ ಸಲಕ್ಕೆ ನಾಲ್ಕು ಭಾಗಗಳನ್ನು ಬದಲಿಸಿ, ಕಾರು ಸರಿಹೋದರೆ ನಾಲ್ಕಕ್ಕೂ ಕೀರ್ತಿ ಹಂಚುವ ಕ್ರಮಕ್ಕೆ.

ಇದಕ್ಕೆ ಎದುರಾದ ಅತಿರೇಕ, ಎಲ್ಲವನ್ನೂ ದಾಖಲಿಸಿದರೆ ಉತ್ತರ ತಾನೇ ಹೊರಬರುತ್ತದೆಂಬ ನಂಬಿಕೆ. ಆ ಕಾಲದ ಹಲವು ಕಾರುಗಳ ಒಬಿಡಿ-2 ಸಂಪರ್ಕದ ವೇಗ ಸೆಕೆಂಡಿಗೆ 10.4 ಕಿಲೊಬಿಟ್. ಹತ್ತು ಪರಿಮಾಣಗಳನ್ನು ಸರದಿಯಂತೆ ಕೇಳಿದರೆ ಒಂದೊಂದಕ್ಕೂ ಮತ್ತೆ ಸರದಿ ಬರಲು ಸೆಕೆಂಡುಗಳೇ ಹಿಡಿಯಬಹುದು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮುಗಿಯುವ ಮುಗ್ಗರಿಕೆ ಆ ಜರಡಿಯಲ್ಲಿ ನಿಲ್ಲುವುದಿಲ್ಲ. ಏನನ್ನು ಅಳೆಯಬೇಕೆಂದು ಮೊದಲು ಊಹೆ ಮಾಡಿ, ಎರಡು ಮೂರು ಪರಿಮಾಣಗಳನ್ನಷ್ಟೇ ಆರಿಸಿಕೊಳ್ಳಬೇಕು.

ಮಾರ್ಪಡಿಸಿದ ಕಾರುಗಳ ಬಗ್ಗೆ ಆಸಕ್ತಿ ಇಲ್ಲದ ಅಧ್ಯಾಪಕರಿಗೂ ಈ ಸಮಸ್ಯೆ ಒಳ್ಳೆಯ ಪಾಠ. ರಾಶಿಯ ಸಂರಕ್ಷಣೆ, ಉಷ್ಣ ವರ್ಗಾವಣೆ, ಆವರ್ತನೆಯ ಚಲನಶಕ್ತಿ, ಅನಿಲಗಳಲ್ಲಿ ವಿದ್ಯುತ್ ವಿಸರ್ಜನೆ, ಇವೆಲ್ಲ ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿವೆ. ದೋಷವಿರುವ ಒಂದು ಎಂಜಿನ್ ಅವನ್ನು ಒಂದೇ ಮೇಜಿಗೆ ತರುತ್ತದೆ. ಮೇಲಿನ ನಾಲ್ಕು ಕಾರಣಗಳನ್ನು ಕರಿಹಲಗೆಯ ಮೇಲೆ ಬರೆದು, ಪ್ರತಿಯೊಂದೂ ನಿಜವಾದರೆ ಗುನುಗುವಾಗ, ಸಮವೇಗದಲ್ಲಿ, ಪೂರ್ಣ ಒತ್ತಡದಲ್ಲಿ ಏನು ಕಾಣಬೇಕೆಂದು ವಿದ್ಯಾರ್ಥಿಗಳಿಂದಲೇ ತುಂಬಿಸಿ. ಎರಡು ಸಾಲುಗಳು ಒಂದೇ ಆಗಿದ್ದರೆ ಅವನ್ನು ಬೇರ್ಪಡಿಸುವ ಹೊಸ ಪ್ರಯೋಗವನ್ನು ಅವರೇ ಸೂಚಿಸಲಿ. ಆ ಪಟ್ಟಿ ಸಿದ್ಧವಾಗುವ ತನಕ ಯಾರೂ ಸ್ಪ್ಯಾನರ್ ಹಿಡಿಯಬೇಕಿಲ್ಲ.